ಹೊಳೆಯ ನೀರು, ದೊಣ್ಣೆನಾಯಕ ಮತ್ತು ನಮ್ಮ ಬಚ್ಚಲುಮನೆ

‘ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ?’ ಎಂಬ ಗಾದೆಯನ್ನು ನಮ್ಮ ಹಿರಿಯರು ಅಧಿಕಾರದ ದರ್ಪವನ್ನು ಗೇಲಿ ಮಾಡುವುದಕ್ಕಾಗಿ ಬಳಸುತ್ತಿದ್ದರು. ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತದೆ, ಬಾಯಾರಿದವನು ಬೊಗಸೆಯೊಡ್ಡಿ ಕುಡಿಯುತ್ತಾನೆ, ನಡುವೆ ಈ ದೊಣ್ಣೆನಾಯಕನಿಗೇನು ಕೆಲಸ ಎಂಬುದು ಅದರ ಧ್ವನಿ. ಸುಮಾರು ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವ ನಾನು ವೃತ್ತಿಯಿಂದ ಈ ದೊಣ್ಣೆನಾಯಕರ ಪಂಗಡಕ್ಕೇ ಸೇರಿದವನು. ಎಣಿಸುವುದು, ತಾಳೆ ನೋಡುವುದು, ತಾಳೆಯಾಗದಿದ್ದರೆ ಆಕ್ಷೇಪಣೆ ಬರೆಯುವುದು ನನ್ನ ಕಸುಬು. ಆದರೂ ಈ ಲೇಖನವನ್ನು ಗಾದೆ ಕಟ್ಟಿದವರ ಪಕ್ಷದಲ್ಲಿ ನಿಂತು ಬರೆಯಬೇಕಾಗಿ ಬಂದಿದೆ. ಸೇವಾ ನಿಯಮಗಳ ದೃಷ್ಟಿಯಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದು ಸರ್ಕಾರದ ಅಭಿಪ್ರಾಯವಲ್ಲ. ಸ್ವಂತಕ್ಕೆ ಒಂದು ಬಚ್ಚಲುಮನೆಯುಳ್ಳ ಸಾಮಾನ್ಯ ನಾಗರಿಕನೊಬ್ಬನ ಅಭಿಪ್ರಾಯ.

ನಾನಿರುವುದು ದೆಹಲಿಯ ದ್ವಾರಕಾದಲ್ಲಿ. ಪುರಾಣದ ದ್ವಾರಕೆ ನೀರಿನಲ್ಲಿ ಮುಳುಗಿತು. ನಮ್ಮದು ಹುಟ್ಟಿದಂದಿನಿಂದ ನೀರಿಗಾಗಿ ಬಾಯಿಬಿಡುತ್ತ ಬಂದಿದೆ. ಸಹಕಾರಿ ಸಂಘಗಳ ಬಹುಮಹಡಿ ಕಟ್ಟಡಗಳ ಈ ಊರಿನಲ್ಲಿ ಬೇಸಿಗೆ ಬಂತೆಂದರೆ ಎರಡು ಸದ್ದುಗಳು ಹೆಚ್ಚುತ್ತವೆ: ಒಂದು ಕೂಲರುಗಳದು, ಇನ್ನೊಂದು ಟ್ಯಾಂಕರುಗಳದು. ನಮ್ಮ ಕಟ್ಟಡದ ಕಾರ್ಯಕಾರಿ ಸಮಿತಿಯವರು ಒಂದು ವರ್ಷ, ಟ್ಯಾಂಕರಿಗೆ ತೆತ್ತ ಹಣ ನೋಡಿ ಗಾಬರಿಯಾಗಿ, ಮನೆಮನೆಗೂ ಹೊಸ ಬಗೆಯ ಮೀಟರು ಹಾಕಿಸಿದರು. ಇದು ನಮ್ಮ ಕಾಲದ ಮುಳ್ಳಿನ ಮೀಟರಲ್ಲ. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಲೀಟರು ಹರಿಯಿತೆಂಬುದನ್ನು ಗಂಟೆಗಂಟೆಗೂ ತಾನೇ ವರದಿ ಮಾಡುವ, ಅದನ್ನು ಮೊಬೈಲ್ ಆ್ಯಪಿನಲ್ಲಿ ಬಣ್ಣದ ನಕ್ಷೆಯಾಗಿ ತೋರಿಸುವ ಜಾಣ ಯಂತ್ರ.

ಆ ಸಮಿತಿಯಲ್ಲಿ ನಾನೂ ಇದ್ದೆ. ಇಷ್ಟೇ ಆಗಿದ್ದರೆ ಈ ಲೇಖನಕ್ಕೆ ಅವಕಾಶವಿರಲಿಲ್ಲ. ‘ಅಂಕಿಅಂಶಗಳನ್ನು ನಾವೇ ಇಟ್ಟುಕೊಂಡು ಏನು ಪ್ರಯೋಜನ? ಪಾರದರ್ಶಕತೆ ಬೇಕು. ಪ್ರತಿ ತಿಂಗಳೂ ಎಲ್ಲ ಮನೆಗಳ ಬಳಕೆಯ ಪಟ್ಟಿಯನ್ನು ವಾಟ್ಸ್‌ಆ್ಯಪ್ ಬಳಗದಲ್ಲಿ ಹಾಕೋಣ. ಮಿತಿ ಮೀರಿದವರ ಸಂಖ್ಯೆ ಕೆಂಪಿನಲ್ಲಿರಲಿ, ಮಿತವ್ಯಯಿಗಳದು ಹಸಿರಿನಲ್ಲಿರಲಿ’ ಎಂದು ಸೂಚಿಸಿದವನು ನಾನು. ಸೂಚನೆ ಅವಿರೋಧವಾಗಿ ಅಂಗೀಕಾರವಾಯಿತು. ನನ್ನ ಸೇವಾವಧಿಯಲ್ಲಿ ಅಷ್ಟು ಶೀಘ್ರವಾಗಿ ಜಾರಿಗೆ ಬಂದ ನನ್ನ ಶಿಫಾರಸು ಬೇರೊಂದಿಲ್ಲ.

ಮೊದಲ ತಿಂಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಂಪಾಗಿ ಕಂಡದ್ದು ಇಬ್ಬರೇ ಇರುವ ಒಂದು ಮನೆ. ಅದು ನಾವೆಲ್ಲ ‘ಕಾಕೂ’ ಎಂದು ಕರೆಯುವ, ಧಾರವಾಡದಿಂದ ಬಂದು ದೆಹಲಿಯಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಬಾಳಿದ ಹಿರಿಯ ಮಹಿಳೆಯ ಮನೆ. ಬಳಗದಲ್ಲಿ ಹಾಸ್ಯೋಕ್ತಿಗಳ ಸುರಿಮಳೆಯಾಯಿತು. ‘ಮಾಂಜಿ ಲಾಂಡ್ರಿ ತೆರೆದಿದ್ದಾರೆಯೇ?’ ಎಂದರೊಬ್ಬರು. ಗುಟ್ಟಾಗಿ ಬಾಡಿಗೆದಾರರನ್ನು ಇಟ್ಟುಕೊಂಡಿರಬಹುದೆಂದು ಇನ್ನೊಬ್ಬರಿಗೆ ಗುಮಾನಿ. ಮತ್ತೊಬ್ಬ ಉತ್ಸಾಹಿ ನಕ್ಷೆಯನ್ನು ಪರಿಶೀಲಿಸಿ, ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ಅಲ್ಲಿ ನೀರು ಹರಿಯುತ್ತಿದೆಯೆಂದು ಪತ್ತೇದಾರಿ ಮಾಡಿದರು. ಕಾಕೂ ಏನೂ ಉತ್ತರಿಸಲಿಲ್ಲ. ಎರಡನೆಯ ತಿಂಗಳ ಪಟ್ಟಿ ಬಂದಾಗ ಅವರ ಮನೆಯ ಅಂಕಿ ಅರ್ಧಕ್ಕೂ ಕೆಳಗಿಳಿದು ಹಸಿರಿಗೆ ತಿರುಗಿತ್ತು. ಬಳಗದ ತುಂಬ ಚಪ್ಪಾಳೆಯ ಚಿತ್ರಗಳು. ನನ್ನ ಯೋಜನೆಯ ಮೊದಲ ಫಲವೆಂದು ಹಿಗ್ಗಿ, ಒಂದು ಸಂಜೆ ಅವರನ್ನು ಖುದ್ದಾಗಿ ಅಭಿನಂದಿಸಲು ಹೋದೆ.

ಬಾಗಿಲು ತೆರೆದೊಡನೆ ಫಿನಾಯಿಲಿನ ಮತ್ತು ಇನ್ನಾವುದೋ ವಾಸನೆ ಬಂತು. ಒಳಕೋಣೆಯಲ್ಲಿ ಅವರ ಯಜಮಾನರು ಪಾರ್ಶ್ವವಾಯುವಿನಿಂದ ಮಲಗಿದಲ್ಲೇ ಆಗಿದ್ದರು. ನಾನು ಬಂದ ಕಾರಣ ಹೇಳಿದಾಗ ಕಾಕೂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾಡ ತಮ್ಮಾ, ನಿಮ್ಮ ಶಾಭಾಸಕಿ ಬ್ಯಾಡ. ನಾ ನೀರು ಉಳಿಸಿಲ್ಲ, ಮಾನ ಉಳಿಸಿಕೊಂಡೀನಿ. ನೀವು ಮಂದಿ ಮುಂದ ನಮ್ಮ ಬಚ್ಚಲದ ಬಾಗಿಲಾ ತಗದ ಇಟ್ಟಿರಿ. ನಾ ನಳಾ ಬಂದ್ ಮಾಡಿದೆ’ ಎಂದರು. ರಾತ್ರಿ ಎರಡು ಸಲ ಹಾಸಿಗೆಯ ಬಟ್ಟೆ ಒಗೆಯುವುದನ್ನು ನಿಲ್ಲಿಸಿ, ಎಲ್ಲವನ್ನೂ ಗಂಟುಕಟ್ಟಿ ಬೆಳಗಾದ ಮೇಲೆ ಅಗಸನಿಗೆ ಹಾಕುತ್ತಿದ್ದರು. ತಾವು ಎರಡು ದಿನಕ್ಕೊಮ್ಮೆ ಸ್ನಾನ ಮಾಡುತ್ತಿದ್ದರು. ಗಂಡನ ಸ್ಥಿತಿಯನ್ನು ಅವರು ಕಟ್ಟಡದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇರುವುದು ಅವರ ಹಕ್ಕಾಗಿತ್ತು. ಅವರ ಪರವಾಗಿ ನಮ್ಮ ಯಂತ್ರ ಹೇಳಿತು. ಅರ್ಧವನ್ನಷ್ಟೇ ಹೇಳಿದ್ದರಿಂದ ಇನ್ನಷ್ಟು ಕ್ರೂರವಾಗಿ ಹೇಳಿತು. ಇದನ್ನು ಹೆಸರು, ಮನೆಯ ಗುರುತು ಇಲ್ಲದೆ ಬರೆಯಲು ಕಾಕೂ ಅವರ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇನೆ. ಮೊದಲ ಸಲ ಕೇಳದೆ ಮಾಡಿದ ತಪ್ಪನ್ನು ಎರಡನೆಯ ಸಲ ಮಾಡಬಾರದಲ್ಲ.

ಖಾಸಗಿತನವೆಂಬುದು ಹೊಟ್ಟೆ ತುಂಬಿದವರ ಹವ್ಯಾಸ, ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ ಎಂಬ ವಾದವನ್ನು ನಾನೂ ಬಹುಕಾಲ ನಂಬಿದ್ದೆ. ಕಾಕೂ ಯಾವ ತಪ್ಪನ್ನು ಮಾಡಿದ್ದರು? ಈ ಹಕ್ಕಿನ ವಿಷಯದಲ್ಲಿ ಹೊರನಾಡ ಕನ್ನಡಿಗರಾದ ನಾವು ನೆನೆಯಬೇಕಾದ ಒಂದು ಸಂಗತಿಯಿದೆ. 2009ರಲ್ಲಿ ಗುರುತಿನ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿ ಆಧಾರ್ ವ್ಯವಸ್ಥೆಯನ್ನು ಕಟ್ಟಿದ ನಂದನ್ ನಿಲೇಕಣಿಯವರು ಬೆಂಗಳೂರಿನವರು. 2012ರಲ್ಲಿ ಅದೇ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು. ಆಗ ಅವರಿಗೆ 86 ವರ್ಷ. ದೇಶಕ್ಕೆಲ್ಲ ಸಂಖ್ಯೆ ಕೊಟ್ಟವರೂ ನಮ್ಮವರು, ಆ ಸಂಖ್ಯೆಗೆ ಲಗಾಮು ಕೇಳಿದವರೂ ನಮ್ಮವರು. ನಾಡಹಬ್ಬದ ಭಾಷಣಗಳಲ್ಲಿ ನಾವು ಮೊದಲನೆಯವರನ್ನು ಮಾತ್ರ ಹೊಗಳಿ ಇಳಿದುಬಿಡುತ್ತೇವೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡಾಗ ಅವರ ಹೆಸರು ಕಾನೂನಿನ ಪುಸ್ತಕಗಳಲ್ಲಿ ಸ್ಥಿರವಾಗಿ ನೆಲೆಸಿತ್ತು. ಆ ತೀರ್ಪಿನಿಂದ ನಮಗೆ ದಕ್ಕಿದ ಒರೆಗಲ್ಲು ಸರಳವಾದದ್ದು. ಪ್ರಭುತ್ವವು ಪ್ರಜೆಯ ಖಾಸಗಿ ಬದುಕಿನಲ್ಲಿ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕುವ ಕೈ ಉದ್ದೇಶಕ್ಕೆ ಬೇಕಾದಷ್ಟೇ ಉದ್ದವಿರಬೇಕು. ನಮ್ಮ ಸಮಿತಿ ಪ್ರಭುತ್ವವಲ್ಲ, ನಿಜ. ಆದರೂ ಅದೇ ಒರೆಗಲ್ಲಿಗೆ ನನ್ನ ಪಟ್ಟಿಯನ್ನು ಉಜ್ಜಿ ನೋಡಿದೆ. ಉದ್ದೇಶವೇನೋ ನ್ಯಾಯವಾದದ್ದೇ. ಆದರೆ ಆಯಾ ಮನೆಗೆ ಅದರ ಬಿಲ್ಲನ್ನು ಕಳಿಸಿದ್ದರೆ ಸಾಕಾಗಿದ್ದ ಕೆಲಸಕ್ಕೆ ರಾತ್ರಿ ಎರಡು ಗಂಟೆಯ ನಕ್ಷೆಯನ್ನು ಇಡೀ ಕಟ್ಟಡಕ್ಕೆ ಹಂಚಿದ್ದು, ಇಲಿ ಹಿಡಿಯಲು ಮನೆಗೇ ಬೆಂಕಿ ಇಟ್ಟಂತಾಗಿತ್ತು.

ತೀರ್ಪು ಎಷ್ಟೇ ಭವ್ಯವಾಗಿದ್ದರೂ ಅದು ಗೇಟಿನ ಕಾವಲುಗಾರನವರೆಗೆ ಇಳಿದು ಬರುವುದಿಲ್ಲವೆಂಬುದು ಬೇರೆ ಮಾತು. 2018ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಆಧಾರ್ ಕಾಯಿದೆಯನ್ನು ಬಹುಮತದಿಂದ ಎತ್ತಿಹಿಡಿದರೂ ಬ್ಯಾಂಕು ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದಿತು. ಅಂದಿನಿಂದ ಇಂದಿನವರೆಗೆ ಹೋಟೆಲು, ಆಸ್ಪತ್ರೆ, ಮದುವೆಯ ಛತ್ರವೆನ್ನದೆ ನಾನು ಕೊಟ್ಟ ಆಧಾರಿನ ನೆರಳುಪ್ರತಿಗಳನ್ನೆಲ್ಲ ಜೋಡಿಸಿದರೆ ಒಂದು ಸಂಚಿಕೆಯೇ ಆದೀತು. ‘ಕೊಡದಿದ್ದರೆ?’ ಎಂದು ಕೇಳಿದರೆ ಎದುರಿಗಿರುವ ಹುಡುಗ ಪಾಪ, ‘ಸಾರ್, ಕಂಪ್ಯೂಟರು ಒಪ್ಪುವುದಿಲ್ಲ’ ಎನ್ನುತ್ತಾನೆ. ಹಿಂದೆ ಸಾಹೇಬರು ಒಪ್ಪುತ್ತಿರಲಿಲ್ಲ, ಅವರ ಕೈಕಾಲು ಹಿಡಿಯಬಹುದಿತ್ತು. ಕಂಪ್ಯೂಟರಿಗೆ ಹಿಡಿಯಲು ಕಾಲಿಲ್ಲ.

ಇನ್ನು ನನ್ನ ಕಸುಬಿಗೆ ಬರುತ್ತೇನೆ. ಮನೆಯೊಳಗೆ ಇಷ್ಟೆಲ್ಲ ಎಣಿಸುವ ನಾವು ಮನೆಯ ಹೊರಗೆ ಏನನ್ನು ಎಣಿಸುತ್ತಿದ್ದೇವೆ? ಕಾಕೂ ಮನೆಯಿಂದ ಹಿಂತಿರುಗಿದ ರಾತ್ರಿ ನಿದ್ದೆ ಬಾರದೆ ಸಂಘದ ಲೆಕ್ಕಪತ್ರ ತೆಗೆದು ಕುಳಿತೆ. ಮನೆಗಳ ಬಳಕೆಯನ್ನು ಲೀಟರಿನಲ್ಲಿ ಬರೆದಿಟ್ಟಿದ್ದ ಅದೇ ಪುಸ್ತಕದಲ್ಲಿ ಬಂದ ಟ್ಯಾಂಕರುಗಳನ್ನು ‘ನಗ’ಗಳಲ್ಲಿ ಬರೆಯಲಾಗಿತ್ತು: ಇಂದು ನಾಲ್ಕು, ನಿನ್ನೆ ಮೂರು. ಟ್ಯಾಂಕರು ತುಂಬಿತ್ತೋ ಮುಕ್ಕಾಲಿತ್ತೋ ನೋಡಿದವರಿಲ್ಲ. ನೆಲದಡಿಯ ತೊಟ್ಟಿಗೆ ಬಂದ ನೀರಿಗೆ ಮೀಟರಿಲ್ಲ, ಮೇಲಿನ ತೊಟ್ಟಿಗೆ ಏರಿದ ನೀರಿಗೂ ಇಲ್ಲ. ಮರುವಾರ ಪ್ಲಂಬರನನ್ನು ಕರೆಸಿ ನೋಡಿದಾಗ ನೆಲದಡಿಯ ತೊಟ್ಟಿಯ ಮೂಲೆಯೊಂದು ಬಿರುಕುಬಿಟ್ಟು ಎಷ್ಟೋ ಕಾಲದಿಂದ ಸದ್ದಿಲ್ಲದೆ ಸೋರುತ್ತಿತ್ತು. ರಾತ್ರಿ ಎರಡು ಗಂಟೆಗೆ ನಿಜವಾಗಿ ನೀರು ಕಳೆಯುತ್ತಿದ್ದುದು ಕಾಕೂ ಅಲ್ಲ, ಸಮಿತಿ. ಯಾವ ನಕ್ಷೆಯಲ್ಲೂ ನಮ್ಮ ಗೆರೆ ಕೆಂಪಾಗಿರಲಿಲ್ಲ.

ನಮ್ಮ ಕಟ್ಟಡದ ಕಥೆಯೇ ರಾಜಧಾನಿಯ ಕಥೆಯೂ ಹೌದು. ಯಮುನೆ, ಗಂಗೆ, ಭಾಕ್ರಾ ಎಂದು ಮೂರು ದಿಕ್ಕಿನಿಂದ ನೀರು ತರಿಸಿ, ಶುದ್ಧೀಕರಿಸಿ ಬಿಡುವ ದೆಹಲಿಯಲ್ಲಿ ಆ ನೀರಿನ ಸುಮಾರು ಅರ್ಧಪಾಲು ಸೋರಿಕೆಗೋ ಕಳವಿಗೋ ಸಿಕ್ಕಿ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಅಧಿಕೃತ ಕಾಗದಗಳಲ್ಲೇ ಕಾಣುವ ಮಾತು. 2024ರ ಜೂನ್‌ನಲ್ಲಿ ದೆಹಲಿಯ ನೀರಿನ ಬವಣೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಟ್ಯಾಂಕರುಗಳಿಗೆ ಸಿಗುವ ನೀರು ನಳಗಳಿಗೇಕೆ ಸಿಗುವುದಿಲ್ಲವೆಂಬ ಧಾಟಿಯಲ್ಲಿ ನ್ಯಾಯಾಧೀಶರು ಕಟುವಾಗಿ ಪ್ರಶ್ನಿಸಬೇಕಾಯಿತು. ಇತ್ತ 2015ರಲ್ಲಿ ತಿಂಗಳಿಗೆ 20 ಕಿಲೋಲೀಟರ್ ನೀರನ್ನು ಪುಕ್ಕಟೆಯಾಗಿಸಿದ ಯೋಜನೆಯಲ್ಲಿ ಆ ಗೆರೆಯನ್ನು ಒಂದಿಷ್ಟು ದಾಟಿದರೂ ಇಡೀ ನೀರಿಗೆ ಹಣ ತೆರಬೇಕೆಂದಾಯಿತು. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಕೇಂದ್ರದ ಮಾನದಂಡದಂತೆ ಐವರ ಕುಟುಂಬಕ್ಕೆ ತಿಂಗಳಿಗೆ 20,250 ಲೀಟರ್ ಬೇಕು. ಅಂದರೆ ಸರ್ಕಾರವೇ ಹೇಳಿದಷ್ಟು ಸ್ನಾನ ಮಾಡಿದ ಐವರ ಸಂಸಾರ 250 ಲೀಟರಿನಿಂದ ಅಪರಾಧಿಯಾಗುತ್ತದೆ. ಪೈಪಿನಲ್ಲಿ ಅರ್ಧ ಕಳೆದುಕೊಂಡ ವ್ಯವಸ್ಥೆ ಬಕೆಟ್ಟಿನ ಲೆಕ್ಕದಲ್ಲಿ ಇಷ್ಟು ನಿಷ್ಠುರವಾಗಿರುವುದು ನೋಡತಕ್ಕದ್ದೇ.

ನಮ್ಮ ತವರನ್ನು ಬಿಟ್ಟು ಮಾತಾಡಿದರೆ ಪಕ್ಷಪಾತವಾದೀತು. ಬೆಂಗಳೂರಿಗೆ ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿ ಬರುತ್ತಾಳೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆಯಾಯಿತು. ಆಜ್ಞೆ ಸರಿಯಾದದ್ದೇ. ಆದರೆ ಊರಿನ ಕೆರೆಗಳು ಒಂದೊಂದಾಗಿ ಬಸ್ ನಿಲ್ದಾಣವೋ ಕ್ರೀಡಾಂಗಣವೋ ಬಡಾವಣೆಯೋ ಆಗುತ್ತ ಹೋದಾಗ ದಂಡ ತೆತ್ತವರು ಯಾರು? ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ದೇಶದ ನೀರಿನ ಬಹುಪಾಲು ಬಳಕೆಯಾಗುವುದು ಬೇಸಾಯದಲ್ಲಿ. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತಿದೆ. ಬೇಸಾಯಗಾರನ ಮಗನಾಗಿ ನಾನು ಅದನ್ನು ಆಡಿಕೊಳ್ಳಲಾರೆ. ಆದರೆ ಆ ಪಂಪುಗಳು ನೆಲದಿಂದ ಎತ್ತಿದ ನೀರೆಷ್ಟೆಂಬುದನ್ನು ಅಳೆಯುವ ಗೋಜಿಗೆ ನಾವು ಹೋಗಿಲ್ಲ. ಅಂತರ್ಜಲವನ್ನು ಜಗತ್ತಿನಲ್ಲೇ ಅತ್ಯಂತ ಹೆಚ್ಚು ಬಳಸುವ ದೇಶ ನಮ್ಮದು. ಆ ಖಾತೆಯಲ್ಲಿ ಜಮೆ ಎಷ್ಟು, ಖರ್ಚೆಷ್ಟು ಎಂದು ಕೇಳಿದರೆ ಸಿಗುವುದೆಲ್ಲ ಅಂದಾಜು.

ನಾನು ಹುಟ್ಟಿದ್ದು ಕೋಲಾರದ ಕಡೆಯ ಒಂದು ಕೆರೆಯ ಕೆಳಗಿನ ಹಳ್ಳಿಯಲ್ಲಿ. ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲಿ ನೀರುಗಂಟಿ ಇದ್ದ. ಕೆರೆಯ ತೂಬನ್ನು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಕೆರೆಯಲ್ಲಿ ನೀರು ಕಡಮೆಯಾದ ವರ್ಷ ಎಷ್ಟು ನೆಲ ಪಾಳು ಬಿಡಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಅವನು ಅಳೆದದ್ದು ಗದ್ದೆಯ ನೀರನ್ನು, ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಗೌಡರ ಗದ್ದೆಗೂ ಅದೇ ಅಳತೆಯೆಂಬುದನ್ನು ಊರೇ ನೋಡುತ್ತಿತ್ತು. ನನ್ನ ತಾಯಿ ಎಷ್ಟು ಕೊಡ ನೀರು ತಂದಳೆಂದು ಅವನು ಎಣಿಸಲಿಲ್ಲ.

ಆದರೆ ಹಳೆಯದೆಲ್ಲ ಹೊನ್ನೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಆ ನೀರುಗಂಟಿ ದಲಿತ. ಊರ ಬಾವಿಯಿಂದ ಅವನ ಮನೆಯವರು ತಾವಾಗಿ ನೀರು ಸೇದುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಕೊಡ ಹಿಡಿದು ದೂರ ನಿಲ್ಲಬೇಕಿತ್ತು. ಕುಡಿಯುವ ನೀರಿಗಾಗಿ 1927ರಲ್ಲಿ ಅಂಬೇಡ್ಕರರು ಮಹಾಡದ ಚೌದಾರ್ ಕೆರೆಗೆ ಇಳಿದು ಅರ್ಧ ಶತಮಾನ ಕಳೆದ ಮೇಲಿನ ಮಾತಿದು. ಯಾರು ಯಾವ ಬಾವಿಗೆ ಬಂದರು, ಯಾರ ಕೊಡ ಯಾವುದಕ್ಕೆ ತಾಗಿತು ಎಂದು ಊರಿಗೆ ಊರೇ ಕಾವಲು ಕಾಯುತ್ತಿತ್ತು. ಹಾಗಾಗಿ ನೆರೆಹೊರೆಯ ಕಣ್ಗಾವಲು ಹೊಸ ತಂತ್ರಜ್ಞಾನದ ಕೊಡುಗೆಯೆಂದು ನಾನು ಹೇಳಲಾರೆ. ಊರಿನ ಆ ಕಣ್ಣನ್ನು ತಪ್ಪಿಸಿಕೊಂಡೇ ಎಷ್ಟೋ ಜನ ಮುಂಬಯಿಗೋ ದೆಹಲಿಗೋ ರೈಲು ಹತ್ತಿದರು. ಹೆಸರು ಕೇಳದ, ಜಾತಿ ಕೇಳದ ನಗರದ ಅನಾಮಿಕತೆಯೇ ಅವರಿಗೆ ಸ್ವಾತಂತ್ರ್ಯವಾಯಿತು. ಈಗ ಆ ಕಣ್ಣು ಮೊಬೈಲಿನೊಳಗೆ ಕುಳಿತು ನಮ್ಮ ಹಿಂದೆಯೇ ನಗರಕ್ಕೆ ಬಂದಿದೆ.

ತಂತ್ರಜ್ಞಾನವೆಂದರೆ ಹೀಗೇ ಇರಬೇಕೆಂದಿಲ್ಲ. ಪುಣೆಯ ಓದುಗರು ಖಡಕವಾಸ್ಲಾ ಜಲಾಶಯವನ್ನು ಬಲ್ಲರು. ಅಲ್ಲಿಗಾಗಿ ನಮ್ಮ ವಿಶ್ವೇಶ್ವರಯ್ಯನವರು ರೂಪಿಸಿದ, 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಒಂದು ಮಟ್ಟಕ್ಕೆ ಏರಿದಾಗ ತಾವೇ ತೆರೆದು ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. ಆ ಯಂತ್ರವೂ ಜಾಣ ಯಂತ್ರವೇ. ಆದರೆ ಅದು ನೋಡಿದ್ದು ನೀರನ್ನು, ಮನುಷ್ಯನನ್ನಲ್ಲ. 2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದಾಗಲೂ ಯಾರ ಬಚ್ಚಲನ್ನೂ ಇಣುಕಲಿಲ್ಲ. ಬೀದಿಯಲ್ಲಿ ನಿಂತರೇ ಕಾಣುವ ಮಾಳಿಗೆಯನ್ನೂ ಅಂಗಳದ ಗುಂಡಿಯನ್ನೂ ನೋಡಿತು. ಮುಂದೆ ಆ ಗುಂಡಿಗಳ ಹೂಳು ತೆಗೆಯುವುದನ್ನು ಅನೇಕರು ಮರೆತರು. 2019ರಲ್ಲಿ ಕೆರೆಗಳು ಬತ್ತಿ ಚೆನ್ನೈಗೆ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು. ಗುಂಡಿ ತೋಡುವುದು ಸುಲಭ, ನಿರ್ವಹಣೆಯೇ ಕಷ್ಟವೆಂಬ ಪಾಠ ಅದು. ಆದರೂ ಇಣುಕದೆ ನೀರುಳಿಸುವ ದಾರಿಯೊಂದಿದೆ ಎಂಬುದು ಸುಳ್ಳಾಗಲಿಲ್ಲ.

ಲೆಕ್ಕಪರಿಶೋಧಕನಿಗೆ ಮೊದಲ ದಿನವೇ ಕಲಿಸುವ ಪಾಠವೊಂದಿದೆ: ಸಾರ್ವಜನಿಕ ಸೊತ್ತನ್ನು ಕೈಯಲ್ಲಿ ಹಿಡಿದವನು ಲೆಕ್ಕ ಕೊಡತಕ್ಕವನು. ಈಗ ಈ ಪಾಠವೇ ತಲೆಕೆಳಗಾಗುತ್ತಿದೆಯೇನೋ ಎಂಬ ಅಂಜಿಕೆ ನನ್ನದು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಆ ವಾಕ್ಯವನ್ನು ಮೊಟಕುಗೊಳಿಸಿ, ವೈಯಕ್ತಿಕವೆನಿಸಿದ ಮಾಹಿತಿಯನ್ನೆಲ್ಲ ತಡೆಹಿಡಿಯಲು ಎಡೆಮಾಡಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ಸಾರ್ವಜನಿಕ ಹಿತ ಹಿರಿದಾದಲ್ಲಿ ಮಾಹಿತಿ ಕೊಡಬಹುದೆಂಬ ಇನ್ನೊಂದು ವಿಧಿ ಉಳಿದಿದೆಯೆಂದು ಸರ್ಕಾರ ಹೇಳುವುದೂ ನಿಜ. ಆದರೆ ನನ್ನ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಟ್ಯಾಂಕರಿನ ಗುತ್ತಿಗೆ ಯಾರಿಗೆ ಸಿಕ್ಕಿತೆಂದು ಯಾರಾದರೂ ಅರ್ಜಿ ಹಾಕಿದರೆ, ಗುತ್ತಿಗೆದಾರನ ಹೆಸರು ಅವನ ‘ವೈಯಕ್ತಿಕ ಮಾಹಿತಿ’ ಎಂದು ಬರೆಯಲು ಕೈ ತುರಿಸುವವರಿಗೆ ಕೊರತೆಯಿಲ್ಲ. ಕಾಕೂ ಅವರ ಬಚ್ಚಲು ಬಹಿರಂಗ, ಟ್ಯಾಂಕರಿನ ಗುತ್ತಿಗೆ ಖಾಸಗಿ ಎಂದಾದರೆ, ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು ಇದಕ್ಕಾಗಿಯೇ?

ನಾನು ಮೀಟರಿನ ವಿರೋಧಿಯಲ್ಲ. ಅಳೆಯದೆ ಇದ್ದುದನ್ನು ಉಳಿಸಲಾಗದು. ಪುಕ್ಕಟೆ ನೀರು ಪೋಲಾಗುವುದನ್ನು ನಿತ್ಯ ನೋಡುತ್ತಿದ್ದೇನೆ. ನನ್ನ ವಾದ ಎಣಿಕೆಯ ದಿಕ್ಕನ್ನು ಕುರಿತದ್ದು. ಲೆಕ್ಕ ಮೇಲಿನಿಂದ ಆರಂಭವಾಗಲಿ: ನದಿಯಲ್ಲಿ, ಕಾಲುವೆಯಲ್ಲಿ, ಪಂಪ್‌ಹೌಸಿನಲ್ಲಿ, ಟ್ಯಾಂಕರಿನ ಬಾಯಲ್ಲಿ ಮೀಟರು ಕೂರಲಿ, ಆ ಅಂಕಿಗಳನ್ನು ಯಾರು ಬೇಕಾದರೂ ನೋಡಲಿ. ಮನೆಯ ಹೊಸ್ತಿಲಿಗೆ ಬಂದಾಗ ತಿಂಗಳಿಗೊಂದು ಅಂಕಿ ಸಾಕು. ಅದು ಆ ಮನೆಯವರಿಗೆ ಮಾತ್ರ. ಗಂಟೆಗಂಟೆಯ ನಕ್ಷೆ ಯಾರಿಗೂ ಬೇಡ.

ನಮ್ಮ ಕಟ್ಟಡದಲ್ಲಿ ಇಷ್ಟನ್ನು ಮಾಡಿದ್ದೇವೆ. ಪಟ್ಟಿ ನಿಂತಿದೆ. ತೊಟ್ಟಿಯ ಬಿರುಕು ಮುಚ್ಚಿದೆ, ತೊಟ್ಟಿಗೆ ಮೀಟರು ಬಂದಿದೆ, ಅದರ ಅಂಕಿ ಈಗ ನೋಟೀಸು ಹಲಗೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಗಂಟೆಗಂಟೆಯ ವರದಿಯನ್ನು ನಿಲ್ಲಿಸುವಂತೆ ಮೀಟರಿನವರಿಗೆ ಪತ್ರ ಬರೆದು ತಿಂಗಳುಗಳಾದವು. ಹಾಗೆ ನಿಲ್ಲಿಸಲು ಯಂತ್ರದಲ್ಲಿ ಗುಂಡಿಯೇ ಇಲ್ಲವೆಂದು ಉತ್ತರ ಬಂದಿದೆ. ಪತ್ರವ್ಯವಹಾರ ಮುಂದುವರಿದಿದೆ, ಆ ವಿದ್ಯೆಯಲ್ಲಿ ನನ್ನನ್ನು ಸೋಲಿಸುವುದು ಸುಲಭವಲ್ಲ.

‘ಮರ್ಯಾದೆ’ ಎಂಬ ನಮ್ಮ ಮಾತಿಗೆ ಮೂಲ ಸಂಸ್ಕೃತದಲ್ಲಿ ಎಲ್ಲೆ, ಮೇರೆ, ದಡ ಎಂಬ ಅರ್ಥಗಳಿವೆ. ನೀರಿಗೆ ದಡವಿದ್ದಾಗ ಅದು ಹೊಳೆ. ದಡ ಮೀರಿದರೆ ನೆರೆ. ಸರ್ಕಾರಕ್ಕೂ ಸಮಿತಿಗೂ ಈ ಮಾತು ಸಲ್ಲುತ್ತದೆ. ಖಾಸಗಿತನವೆಂಬ ಹೊಸ ಪದ ಕಾಕೂ ಅವರಿಗೆ ಬೇಕಾಗಲಿಲ್ಲ, ‘ಮಾನ’ ಎಂದರು, ನನಗೆ ಅರ್ಥವಾಯಿತು. ಮೊನ್ನೆ ರಾತ್ರಿ ಎಚ್ಚರವಾದಾಗ ಮೇಲಿನಿಂದ ಪೈಪಿನಲ್ಲಿ ನೀರು ಇಳಿಯುವ ಸದ್ದು ಕೇಳಿಸಿತು. ಗಡಿಯಾರ ನೋಡಲಿಲ್ಲ. ಮಗ್ಗುಲು ಬದಲಿಸಿ ಮಲಗಿದೆ.